ಟಿ4 ಹೇಗೆ ಟಿ3 ಆಗುತ್ತದೆ? ಥೈರಾಯ್ಡ್ ಹಾರ್ಮೋನಿಗೆ ಜೀವ ತುಂಬುವ ಕಿಣ್ವಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಔಷಧಿ ಬರೆದುಕೊಡುವ ಡಾಕ್ಟರ್ ಅಲ್ಲ. ಆದರೆ ನಮ್ಮ ಕುಟುಂಬದಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಐದು ಜನ. ಅಮ್ಮ, ಇಬ್ಬರು ಚಿಕ್ಕಮ್ಮಂದಿರು, ಅಕ್ಕ, ಮೂರು ವರ್ಷದಿಂದ ನಾನು. ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದರೂ ಯಾರಾದರೂ ಮೊಬೈಲ್ ಚಾಚಿ ರಿಪೋರ್ಟ್ ತೋರಿಸುತ್ತಾರೆ. "ಟಿ3 ಅಂದ್ರೆ ಏನು, ಟಿ4 ಅಂದ್ರೆ ಏನು, ಒಂದು ಸಾಲಲ್ಲಿ ಹೇಳಿಬಿಡು" ಅನ್ನುತ್ತಾರೆ. ಒಂದು ಸಾಲಲ್ಲಿ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮಾತ್ರೆಯ ಡೋಸ್ ಎಷ್ಟಿರಬೇಕು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಥೈರಾಯ್ಡ್ ಹಾರ್ಮೋನ್ ತಯಾರಾಗುವುದು ಕುತ್ತಿಗೆಯ ಗ್ರಂಥಿಯಲ್ಲಿ ಅಲ್ವಾ?

ಅರ್ಧ ನಿಜ. ಗ್ರಂಥಿ ಮುಖ್ಯವಾಗಿ ತಯಾರಿಸುವುದು ಟಿ4, ಅಂದರೆ ಥೈರಾಕ್ಸಿನ್. ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಂ. ಆದರೆ ಜೀವಕೋಶದ ಒಳಗೆ ಹೋಗಿ ನಿಜವಾಗಿ ಕೆಲಸ ಮಾಡಿಸುವುದು ಟಿ3. ದಿನಕ್ಕೆ ಬೇಕಾಗುವ ಟಿ3ಯಲ್ಲಿ ಗ್ರಂಥಿಯಿಂದ ನೇರವಾಗಿ ಬರುವುದು ಸುಮಾರು ಐದರಲ್ಲೊಂದು ಪಾಲು. ಉಳಿದ ನಾಲ್ಕು ಪಾಲು ಗ್ರಂಥಿಯ ಹೊರಗೆ ತಯಾರಾಗುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡ, ಸ್ನಾಯು, ಮೆದುಳು, ಎಲ್ಲ ಕಡೆ ಟಿ4 ಟಿ3 ಆಗಿ ಬದಲಾಗುತ್ತದೆ. ಬದಲಾಯಿಸುವುದು ಕಿಣ್ವಗಳು, ಅಂದರೆ ದೇಹದ ರಾಸಾಯನಿಕ ಕೆಲಸಗಳನ್ನು ಮಾಡಿಸುವ ಪ್ರೊಟೀನುಗಳು.

ಕ್ಲಾಸಿನಲ್ಲಿ ನಾನು ಭತ್ತ ಮತ್ತು ಅಕ್ಕಿಯ ಉದಾಹರಣೆ ಕೊಡುತ್ತೇನೆ. ಗ್ರಂಥಿ ಊರಿಗೆಲ್ಲ ಭತ್ತ ಹಂಚುತ್ತದೆ, ಜೊತೆಗೆ ಒಂದಿಷ್ಟು ಅಕ್ಕಿಯನ್ನೂ. ಭತ್ತ ಕುಟ್ಟಿ ಅಕ್ಕಿ ಮಾಡಿಕೊಳ್ಳುವುದು ಅವರವರ ಮನೆಯ ಕೆಲಸ. ಯಾವ ಮನೆಗೆ ಇವತ್ತು ಎಷ್ಟು ಅನ್ನ ಬೇಕು ಅಂತ ಆ ಮನೆಯವರಿಗೇ ತಾನೇ ಗೊತ್ತು?

ಟಿ4ಗೂ ಟಿ3ಗೂ ಇರುವ ವ್ಯತ್ಯಾಸ ಏನು?

ಒಂದೇ ಒಂದು ಅಯೋಡಿನ್ ಪರಮಾಣು. ಟಿ4ನಲ್ಲಿ ನಾಲ್ಕು ಅಯೋಡಿನ್, ಟಿ3ಯಲ್ಲಿ ಮೂರು. ಹೆಸರಿನಲ್ಲಿರುವ ಅಂಕಿಯ ಅರ್ಥ ಅಷ್ಟೇ.

ಆಕಾರವನ್ನು ಹೀಗೆ ಊಹಿಸಿಕೊಳ್ಳಿ. ಎರಡು ಬಳೆಗಳನ್ನು ಒಂದು ಕೊಂಡಿ ಹಾಕಿ ಸೇರಿಸಿದ್ದಾರೆ. ಒಂದನ್ನು ಒಳಬಳೆ ಅನ್ನೋಣ, ಇನ್ನೊಂದನ್ನು ಹೊರಬಳೆ ಅನ್ನೋಣ. ಎರಡರ ಮೇಲೂ ಎರಡೆರಡು ಹರಳು ಕೂರಿಸಿದ್ದಾರೆ. ಹರಳೇ ಅಯೋಡಿನ್. ಹೊರಬಳೆಯ ಒಂದು ಹರಳು ಕಿತ್ತರೆ ಟಿ3. ಒಳಬಳೆಯ ಒಂದು ಹರಳು ಕಿತ್ತರೆ ಅದಕ್ಕೂ ಮೂರೇ ಹರಳು, ಆದರೆ ಅದು ಕೆಲಸಕ್ಕೆ ಬಾರದ ವಸ್ತು. ಅದಕ್ಕೆ ರಿವರ್ಸ್ ಟಿ3 ಅಂತ ಹೆಸರು.

ಅಯೋಡಿನ್ ಭಾರೀ ತೂಕದ ಧಾತು. ಟಿ4ನ ತೂಕದಲ್ಲಿ ನೂರಕ್ಕೆ 65 ಭಾಗ ಬರೀ ಅಯೋಡಿನ್ನೇ ಇದೆ. ಹಾಗಾಗಿ ಒಂದು ಹರಳು ಹೋದರೂ ಆಕಾರ ಸಾಕಷ್ಟು ಬದಲಾಗುತ್ತದೆ. ಜೀವಕೋಶದ ಕೇಂದ್ರದಲ್ಲಿರುವ ಗ್ರಾಹಕಕ್ಕೆ, ಅಂದರೆ ರಿಸೆಪ್ಟರ್‌ಗೆ, ಟಿ3 ಅಂಟಿಕೊಳ್ಳುವ ಬಿಗಿ ಟಿ4ಗಿಂತ ಹತ್ತು ಪಟ್ಟಿಗೂ ಜಾಸ್ತಿ.

ಹಾಗಾದರೆ ಗ್ರಂಥಿ ನೇರವಾಗಿ ಟಿ3ಯನ್ನೇ ಮಾಡಿ ಕಳಿಸಬಹುದಿತ್ತಲ್ಲ? ಯಾಕೆ ಈ ಸುತ್ತುಬಳಸು?

ಮೊದಲ ಕಾರಣ ಬಾಳಿಕೆ. ರಕ್ತದಲ್ಲಿರುವ ಟಿ4 ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಟಿ3ಗೆ ಒಂದು ದಿನ ಸಾಕು. ಭತ್ತ ಕಣಜದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ, ಅಕ್ಕಿಗೆ ಬೇಗ ಹುಳ ಬೀಳುತ್ತದೆ, ಅದೇ ಲೆಕ್ಕ. ನಾವು ನುಂಗುವ ಮಾತ್ರೆ ಟಿ4. ಒಂದು ದಿನ ಅದನ್ನು ಮರೆತರೆ ನಮಗೆ ತಕ್ಷಣ ಏನೂ ಅನ್ನಿಸದೆ ಇರುವುದೂ ಇದೇ ಕಾರಣಕ್ಕೆ.

ಎರಡನೆಯ ಕಾರಣ ನನಗೆ ಇನ್ನೂ ಇಷ್ಟ. ಎಲ್ಲ ಅಂಗಕ್ಕೂ ಒಂದೇ ಹೊತ್ತಿಗೆ ಒಂದೇ ಪ್ರಮಾಣದ ಹಾರ್ಮೋನ್ ಬೇಕಾಗಿಲ್ಲ. ಚಳಿಯಲ್ಲಿ ಮೈ ಬೆಚ್ಚಗಿಡುವ ಕೊಬ್ಬಿಗೆ ಈಗಲೇ ಬೇಕು. ಹೊಟ್ಟೆಯಲ್ಲಿರುವ ಮಗುವಿನ ಕೆಲವು ಅಂಗಗಳಿಗೆ ಈಗ ಬೇಡವೇ ಬೇಡ. ರಕ್ತದಲ್ಲಿ ಹರಿಯುವುದು ಎಲ್ಲರಿಗೂ ಒಂದೇ. ಆದರೆ ಒಳಗೆ ಕಿಣ್ವ ಹೆಚ್ಚು ಕಮ್ಮಿ ಮಾಡಿಕೊಂಡು ಪ್ರತಿಯೊಂದು ಅಂಗವೂ ತನಗೆ ಬೇಕಾದಷ್ಟನ್ನು ಬೇಕಾದಾಗ ತಯಾರಿಸಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾ? ಮಳೆಗಾಲದಲ್ಲಿ ಗದ್ದೆಯ ಬದಿಯ ನೀರಿನಲ್ಲಿ ಗೊದಮೊಟ್ಟೆಗಳನ್ನು ನೋಡಿ. ಗೊದಮೊಟ್ಟೆ ಕಪ್ಪೆಯಾಗುವುದು ಥೈರಾಯ್ಡ್ ಹಾರ್ಮೋನಿನಿಂದಲೇ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದ. ಅವು ಗಡುವಿಗೆ ಮುಂಚೆಯೇ ಪುಟಾಣಿ ಕಪ್ಪೆಗಳಾದವು. ಇದರಲ್ಲಿ ಒಂದು ಸೊಗಸಿದೆ. ಮೊದಲು ಹಿಂಗಾಲು ಮೂಡುತ್ತದೆ, ಬಾಲ ಕರಗುವುದು ಕೊನೆಗೆ. ಎರಡಕ್ಕೂ ಹರಿಯುವುದು ಅದೇ ರಕ್ತ, ಅದೇ ಹಾರ್ಮೋನ್. ಕಾಲಿನ ಮೊಗ್ಗಿನಲ್ಲಿ ಟಿ3 ಮಾಡುವ ಕಿಣ್ವ ಬೇಗ ಕೆಲಸ ಶುರು ಮಾಡುತ್ತದೆ, ಬಾಲದಲ್ಲಿ ತಡವಾಗಿ. ಅದು ತಲೆಕೆಳಗಾಗಿದ್ದರೆ ಈಜಲು ಬಾಲವೂ ಇಲ್ಲ, ಕುಪ್ಪಳಿಸಲು ಕಾಲೂ ಇಲ್ಲ ಅನ್ನುವಂತಾಗುತ್ತಿತ್ತು.

ಆ ಕಿಣ್ವಗಳ ಹೆಸರೇನು? ಎಷ್ಟಿವೆ?

ಹೆಸರು ಡಿಅಯೋಡಿನೇಸ್. ಅಯೋಡಿನ್ ಕೀಳುವ ಕಿಣ್ವ ಅಂತ ಅರ್ಥ. ಮೂರು ಬಗೆ ಇವೆ: ಡಿ1, ಡಿ2, ಡಿ3.

ಡಿ1 ಊರಿನ ದೊಡ್ಡ ರೈಸ್ ಮಿಲ್ ಇದ್ದಂತೆ. ಪಿತ್ತಜನಕಾಂಗ, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಯಲ್ಲಿ ಹೇರಳವಾಗಿದೆ. ಜೀವಕೋಶದ ಹೊರಪೊರೆಯಲ್ಲಿ ಕೂತಿರುತ್ತದೆ. ಇದು ಮಾಡಿದ ಟಿ3 ಸುಲಭವಾಗಿ ರಕ್ತಕ್ಕೆ ಸೇರಿ ಬೇರೆಯವರಿಗೂ ಸಿಗುತ್ತದೆ. ಆದರೆ ಇದು ಅಷ್ಟೇನೂ ನಾಜೂಕಿನ ಕೆಲಸಗಾರ ಅಲ್ಲ. ಹೊರಬಳೆಯ ಹರಳನ್ನೂ ಕೀಳುತ್ತದೆ, ಒಳಬಳೆಯದನ್ನೂ ಕೀಳುತ್ತದೆ. ನಿಜ ಹೇಳಬೇಕೆಂದರೆ ಇದಕ್ಕೆ ಟಿ4ಗಿಂತ ರಿವರ್ಸ್ ಟಿ3 ಇನ್ನೂ ಇಷ್ಟ. ಅಂದರೆ ಉಳಿದ ಕಸ ಗುಡಿಸಿ ಅಯೋಡಿನ್ ಬಿಡಿಸಿಕೊಳ್ಳುವ ಕೆಲಸವೂ ಇದರದ್ದೇ. ಹಾಗೆ ಬಿಡಿಸಿದ ಅಯೋಡಿನ್ ವ್ಯರ್ಥವಾಗುವುದಿಲ್ಲ, ಬಹುಪಾಲು ಮತ್ತೆ ಬಳಕೆಗೆ ಸಿಗುತ್ತದೆ.

ಡಿ2 ಮನೆಯ ಒರಳು ಒನಕೆ. ಮೆದುಳು, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ಸ್ನಾಯು, ಮೈ ಬೆಚ್ಚಗಿಡುವ ಕಂದು ಕೊಬ್ಬು, ಇವುಗಳಲ್ಲಿ ಇದೆ. ಜೀವಕೋಶದ ಕೇಂದ್ರದ ಪಕ್ಕದಲ್ಲೇ ಕೂತು ಕೆಲಸ ಮಾಡುತ್ತದೆ. ಹಾಗಾಗಿ ಇದು ಮಾಡಿದ ಟಿ3 ಮೊದಲು ಆ ಕೋಶಕ್ಕೇ ಸಿಗುತ್ತದೆ. ಟಿ4 ಸ್ವಲ್ಪವೇ ಇದ್ದರೂ ಹಿಡಿದು ಕೆಲಸ ಮಾಡುವ ಚುರುಕು ಇದಕ್ಕಿದೆ. ಹೊರಬಳೆಯನ್ನು ಬಿಟ್ಟು ಬೇರೆ ಕಡೆ ಕೈ ಹಾಕುವುದಿಲ್ಲ. ರಕ್ತದಲ್ಲಿರುವ ಟಿ3ಯೆಲ್ಲ ಡಿ1 ಮಾಡಿದ್ದು ಅಂತ ಹಿಂದೆ ನಂಬಿದ್ದರು. ಆರೋಗ್ಯವಂತ ಮನುಷ್ಯರಲ್ಲಿ ಡಿ2ನದೂ ದೊಡ್ಡ ಪಾಲಿದೆ ಅಂತ ಈಗ ಒಪ್ಪುತ್ತಾರೆ.

ಡಿ2ನ ಇನ್ನೊಂದು ಗುಣ ನೋಡಿ. ಅದರ ಆಯುಷ್ಯ ಗಂಟೆಯೂ ಇಲ್ಲ. ಟಿ4 ಜಾಸ್ತಿ ಬಂದರೆ ಡಿ2 ಮೇಲೆ ಯುಬಿಕ್ವಿಟಿನ್ ಅನ್ನುವ ಚೀಟಿ ಅಂಟುತ್ತದೆ. ಅದು "ಇದನ್ನು ಒಡೆದುಹಾಕಿ" ಅನ್ನುವ ಚೀಟಿ. ಕೋಶ ಅದನ್ನು ಪುಡಿ ಮಾಡುತ್ತದೆ. ಟಿ4 ಕಮ್ಮಿಯಾದರೆ ಚೀಟಿ ಅಂಟುವುದೂ ಕಮ್ಮಿ, ಡಿ2 ಜಾಸ್ತಿ ಹೊತ್ತು ಉಳಿಯುತ್ತದೆ. ಬರಗಾಲದಲ್ಲಿ ಇದ್ದಷ್ಟು ಭತ್ತದಿಂದಲೇ ಮೆದುಳಿಗೆ ಅನ್ನ ಸಾಲುವ ಹಾಗೆ ನೋಡಿಕೊಳ್ಳುವುದು ಹೀಗೆ.

ಡಿ3 ಕೆಲಸ ಇದಕ್ಕೆ ಉಲ್ಟಾ. ಅದು ಒಳಬಳೆಯ ಹರಳು ಕೀಳುತ್ತದೆ. ಟಿ4 ಅನ್ನು ರಿವರ್ಸ್ ಟಿ3 ಮಾಡುತ್ತದೆ, ಟಿ3ಯನ್ನು ಟಿ2 ಮಾಡುತ್ತದೆ. ಎರಡೂ ಕೆಲಸಕ್ಕೆ ಬಾರದವು. ಇದು ಬ್ರೇಕ್. ಮಾಸು, ಅಂದರೆ ಗರ್ಭದ ಪ್ಲಾಸೆಂಟಾ, ಇದರಿಂದ ತುಂಬಿರುತ್ತದೆ. ಬೆಳೆಯುತ್ತಿರುವ ಮಗುವಿಗೆ ತಾಯಿಯ ಹಾರ್ಮೋನ್ ಅತಿಯಾಗಿ ನುಗ್ಗಬಾರದು, ಅದಕ್ಕೆ.

ಬ್ರೇಕ್ ಜಾಸ್ತಿಯಾದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಇದೆ. ಕೆಲವು ಶಿಶುಗಳ ಪಿತ್ತಜನಕಾಂಗದಲ್ಲಿ ರಕ್ತನಾಳದ ದೊಡ್ಡ ಗಂಟು ಬೆಳೆಯುತ್ತದೆ, ಹೆಮಾಂಜಿಯೋಮಾ ಅನ್ನುತ್ತಾರೆ. ಆ ಗಂಟಿನಲ್ಲಿ ಡಿ3 ವಿಪರೀತ ಇರಬಹುದು. ಅಂಥ ಒಂದು ಮಗುವಿನ ವಿವರ 2000ದಲ್ಲಿ ಪ್ರಕಟವಾಯಿತು. ಮಗುವಿನ ಗ್ರಂಥಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ಮಾಡಿದ್ದನ್ನೆಲ್ಲ ಗಂಟು ಹಾಳುಗೆಡವುತ್ತಿತ್ತು. ಹಾರ್ಮೋನ್ ಎಷ್ಟು ಸುರಿದರೂ ತೂತು ಕೊಡದಲ್ಲಿ ನೀರು ತುಂಬಿದ ಹಾಗೆ.

ರಿಪೋರ್ಟಿನಲ್ಲಿ ಆಂಟಿ ಟಿಪಿಒ ಅಂತ ಇದೆ. ಅದೂ ಇದೇ ಕಿಣ್ವವಾ?

ಅಲ್ಲ. ಟಿಪಿಒ ಅಂದರೆ ಥೈರಾಯ್ಡ್ ಪೆರಾಕ್ಸಿಡೇಸ್. ಅದು ಗ್ರಂಥಿಯ ಒಳಗಿನ ಕಿಣ್ವ, ಭತ್ತ ಬೆಳೆಯುವ ಕಡೆಯದು. ಗ್ರಂಥಿ ರಕ್ತದಿಂದ ಅಯೋಡಿನ್ ಹೀರಿಕೊಳ್ಳುತ್ತದೆ. ಥೈರೋಗ್ಲೋಬ್ಯುಲಿನ್ ಎಂಬ ದೊಡ್ಡ ಪ್ರೊಟೀನಿನಲ್ಲಿ ಟೈರೋಸಿನ್ ಎಂಬ ಭಾಗಗಳಿವೆ. ಟಿಪಿಒ ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಆ ಟೈರೋಸಿನ್‌ಗಳಿಗೆ ಅಯೋಡಿನ್ ಕೂರಿಸುತ್ತದೆ. ಆಮೇಲೆ ಅಂಥ ಎರಡನ್ನು ಜೋಡಿಸುತ್ತದೆ. ಹಾಗೆ ಟಿ4, ಸ್ವಲ್ಪ ಟಿ3 ಆಗುತ್ತದೆ. ಅದು ಆ ಪ್ರೊಟೀನಿಗೆ ಅಂಟಿಕೊಂಡೇ ಒಂದೆರಡು ತಿಂಗಳಿಗಾಗುವಷ್ಟು ದಾಸ್ತಾನು ಇರುತ್ತದೆ.

ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಗ್ರಂಥಿಯ ಮೇಲೆ ಬಿದ್ದರೆ ಟಿಪಿಒ ವಿರುದ್ಧ ಆಂಟಿಬಾಡಿ ಕಾಣಿಸುತ್ತವೆ. ಆ ಕಾಯಿಲೆಗೆ ಹಶಿಮೊಟೊ ಅಂತ ಹೆಸರು. 1912ರಲ್ಲಿ ಅದನ್ನು ವಿವರಿಸಿದ ಜಪಾನಿನ ಡಾಕ್ಟರ್ ಹಕಾರು ಹಶಿಮೊಟೊ ಅವರ ಹೆಸರದು. ನಮ್ಮ ಮನೆಯ ಐದೂ ಜನಕ್ಕೆ ಇರುವುದು ಇದೇ.

ಟಿ4 ಹೊರಗಡೆ ಟಿ3 ಆಗುತ್ತದೆ ಅಂತ ಹೇಗೆ ಗೊತ್ತಾಯಿತು?

ತುಂಬಾ ತಡವಾಗಿ ಗೊತ್ತಾಯಿತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್‌ನ ಸ್ಫಟಿಕಗಳನ್ನು ಬೇರ್ಪಡಿಸಿದರು. ಆಮೇಲೆ ಸುಮಾರು ಮೂರು ಟನ್ ಹಂದಿ ಗ್ರಂಥಿ ಸೋಸಿ ಪಡೆದದ್ದು ಬರೀ 33 ಗ್ರಾಂ. ಆದರೆ ಅದರ ರಚನೆಯನ್ನು ಅವರು ತಪ್ಪಾಗಿ ಊಹಿಸಿದ್ದರು. ಸರಿಯಾದ ರಚನೆ ಹೇಳಿದ್ದು 1926ರಲ್ಲಿ, ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್.

ಅಲ್ಲಿಂದ ಕಾಲು ಶತಮಾನ, ಇದೇ ಹಾರ್ಮೋನ್, ಕಥೆ ಮುಗಿಯಿತು ಅಂದುಕೊಂಡಿದ್ದರು. 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್ ರಿವರ್ಸ್ ಸೇರಿ ರಕ್ತದಲ್ಲಿ ಟಿ3 ಪತ್ತೆಹಚ್ಚಿದರು. ಅದು ಟಿ4ಗಿಂತ ಪ್ರಬಲ ಅಂತಲೂ ಕಂಡಿತು. ಅದೇ ಹೊತ್ತಿಗೆ ಪ್ಯಾರಿಸ್ಸಿನ ತಂಡವೊಂದೂ ಟಿ3 ಕಂಡುಕೊಂಡಿತ್ತು. ಆದರೂ ಅದು ಎಲ್ಲಿ ತಯಾರಾಗುತ್ತದೆ ಎಂಬ ಜಗಳ ಉಳಿಯಿತು.

ಅದನ್ನು ಬಗೆಹರಿಸಿದ ಪ್ರಯೋಗ 1970ರದ್ದು. ಬ್ರೇವರ್‌ಮನ್, ಇಂಗ್‌ಬಾರ್, ಸ್ಟರ್ಲಿಂಗ್ ಎಂಬ ಮೂವರದು. ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದವರನ್ನು ಆರಿಸಿಕೊಂಡರು. ಅವರು ತೆಗೆದುಕೊಳ್ಳುತ್ತಿದ್ದದ್ದು ಬರೀ ಟಿ4. ರಕ್ತ ನೋಡಿದರೆ ಟಿ3 ಇದೆ! ಗ್ರಂಥಿಯೇ ಇಲ್ಲದ ಮೇಲೆ ಅದು ಇನ್ನೆಲ್ಲಿಂದ ಬರಬೇಕು? ಇಷ್ಟು ಸರಳ, ಇಷ್ಟು ಗಟ್ಟಿ. ನನಗೆ ಇಡೀ ಪಾಠದಲ್ಲಿ ತೀರಾ ಇಷ್ಟವಾದ ಪ್ರಯೋಗ ಇದು. ಇವತ್ತು ನಮಗೆ ಬರೀ ಟಿ4 ಮಾತ್ರೆ ಕೊಟ್ಟು ಸಾಗಿಹಾಕುವುದರ ಹಿಂದಿನ ಧೈರ್ಯವೂ ಇದೇ.

ಸೆಲೆನಿಯಂ ತಿಂದರೆ ಒಳ್ಳೆಯದು ಅನ್ನುತ್ತಾರೆ. ನಿಜವಾ?

ಸಂಬಂಧ ನಿಜ. ಸಲಹೆ ಅಷ್ಟು ಸರಳ ಅಲ್ಲ.

ಮೂರೂ ಡಿಅಯೋಡಿನೇಸ್‌ಗಳ ಹೃದಯದಲ್ಲಿ ಸೆಲೆನಿಯಂ ಎಂಬ ಧಾತುವಿನ ಒಂದು ಪರಮಾಣು ಕೂತಿದೆ. ಡಿ1ನಲ್ಲಿ ಇದು ಖಚಿತವಾಗಿ ಗೊತ್ತಾದದ್ದು 1990ರ ಆಸುಪಾಸಿನಲ್ಲಿ. ಅಯೋಡಿನ್ ಕೀಳುವ ಇಕ್ಕಳದ ಬಾಯಿ ಅದೇ. ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲದ, ಅಂದರೆ ಪ್ರೊಟೀನ್ ಕಟ್ಟುವ ಇಟ್ಟಿಗೆಯ, ರೂಪದಲ್ಲಿ ಅದು ಇರುತ್ತದೆ. ಇದನ್ನು 21ನೆಯ ಅಮೈನೋ ಆಮ್ಲ ಅನ್ನುತ್ತಾರೆ. ಜೀನ್ ಭಾಷೆಯಲ್ಲಿ ಇದಕ್ಕೆ ಇರುವ ಪದ ಯುಜಿಎ. ಬೇರೆ ಕಡೆ ಯುಜಿಎ ಅಂದರೆ "ಇಲ್ಲಿಗೆ ನಿಲ್ಲಿಸು" ಅಂತ ಅರ್ಥ. ಇಲ್ಲಿ ಮಾತ್ರ ಮುಂದೆ ಬರುವ ಒಂದು ವಿಶೇಷ ಗುರುತು ನೋಡಿ ಕೋಶ "ನಿಲ್ಲಬೇಡ, ಸೆಲೆನಿಯಂ ಹಾಕು" ಅಂತ ಓದಿಕೊಳ್ಳುತ್ತದೆ. ಆ ಗುರುತು ಓದಿಕೊಡುವ ಪ್ರೊಟೀನಿನ ಜೀನಿನಲ್ಲಿ ದೋಷ ಇರುವ ಮಕ್ಕಳೂ ಇದ್ದಾರೆ. ಅವರ ರಕ್ತದಲ್ಲಿ ಟಿ4 ಜಾಸ್ತಿ, ಟಿ3 ಕಮ್ಮಿ.

ಈಗ ಆಫ್ರಿಕಾದ ಕಥೆ ಕೇಳಿ. ಇವತ್ತಿನ ಕಾಂಗೋದ ಉತ್ತರ ಭಾಗದಲ್ಲಿ ಮಣ್ಣಿನಲ್ಲಿ ಅಯೋಡಿನ್ನೂ ಕಮ್ಮಿ, ಸೆಲೆನಿಯಮ್ಮೂ ಕಮ್ಮಿ. ಥೈರಾಯ್ಡ್ ಕೊರತೆಯಿಂದ ಬೆಳವಣಿಗೆ ಕುಂಠಿತವಾದ ಮಕ್ಕಳು ಅಲ್ಲಿ ಬಹಳ. ಸಂಶೋಧಕರು ಅವರಿಗೆ ಮೊದಲು ಬರೀ ಸೆಲೆನಿಯಂ ಕೊಟ್ಟರು. ಒಳ್ಳೆಯದಾಗಬೇಕಿತ್ತು ಅಲ್ವಾ? ರಕ್ತದ ಟಿ4 ಇನ್ನೂ ಕುಸಿಯಿತು. ಯಾಕೆಂದರೆ ಕಿಣ್ವ ಚುರುಕಾಯಿತು, ಇದ್ದ ಚೂರುಪಾರು ಟಿ4 ಕೂಡ ಬೇಗ ಬೇಗ ಖರ್ಚಾಯಿತು, ಹೊಸದು ಮಾಡಲು ಅಯೋಡಿನ್ ಇರಲಿಲ್ಲ. ಭತ್ತವೇ ಇಲ್ಲದ ಊರಿಗೆ ಹೊಸ ಮಿಲ್ ಹಾಕಿಸಿಕೊಟ್ಟ ಹಾಗಾಯಿತು. ಅಯೋಡಿನ್ ಮೊದಲು, ಸೆಲೆನಿಯಂ ಆಮೇಲೆ ಅನ್ನುವ ಪಾಠ ಅಲ್ಲಿಂದ ಬಂತು.

ಇನ್ನೊಂದು ತುದಿಯೂ ಇದೆ, ಅದು ನಮ್ಮ ದೇಶದ್ದೇ. ಪಂಜಾಬಿನ ಹೋಶಿಯಾರ್‌ಪುರ, ನವಾಂಶಹರ್ ಕಡೆಯ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ವಿಪರೀತ. ಅದು ಅತಿಯಾದರೆ ಕೂದಲು ಉದುರುತ್ತದೆ, ಉಗುರು ಒಡೆಯುತ್ತದೆ. ಥೈರಾಯ್ಡ್‌ನಿಂದ ಕೂದಲು ಉದುರುತ್ತಿದೆ ಅಂತ ಸೆಲೆನಿಯಂ ಮಾತ್ರೆ ಡಬ್ಬಿಗಟ್ಟಲೆ ನುಂಗಿದರೆ ಏನಾಗಬಹುದು, ಯೋಚಿಸಿ. ದಿನಕ್ಕೆ ಬೇಕಾಗುವುದು ನೂರು ಮೈಕ್ರೋಗ್ರಾಂಗಿಂತಲೂ ಕಮ್ಮಿ. ಮೀನು, ಮೊಟ್ಟೆ, ಕಾಳು, ಧಾನ್ಯ ತಿನ್ನುವವರಿಗೆ ಸಾಮಾನ್ಯವಾಗಿ ಊಟದಲ್ಲೇ ಸಿಗುತ್ತದೆ.

ನನ್ನ ಟಿಎಸ್‌ಎಚ್ ನಾರ್ಮಲ್ ಇದೆ. ಆದರೂ ಸುಸ್ತು ಹೋಗಿಲ್ಲ. ಟಿ4 ಟಿ3 ಆಗುತ್ತಿಲ್ಲವಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್. ಅದನ್ನು ಬಿಡುಗಡೆ ಮಾಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ. ಅದರೊಳಗೂ ಡಿ2 ಇದೆ. ಪಿಟ್ಯುಟರಿ ತನ್ನ ಒಳಗೆ ಎಷ್ಟು ಟಿ3 ಇದೆ ಎಂದು ನೋಡಿಕೊಂಡು ಟಿಎಸ್‌ಎಚ್ ಹೆಚ್ಚು ಕಮ್ಮಿ ಮಾಡುತ್ತದೆ. ರಕ್ತದ ಟಿ4 ಏರಿದರೆ ಬೇರೆ ಕಡೆಯ ಡಿ2 ಬೇಗ ಪುಡಿಯಾಗುತ್ತದೆ ಅಂದೆನಲ್ಲ. ಪಿಟ್ಯುಟರಿಗೆ ಆಜ್ಞೆ ಕೊಡುವ ಹೈಪೋಥಲಾಮಸ್ ಎಂಬ ಮೆದುಳಿನ ಭಾಗದಲ್ಲಿ ಅಷ್ಟು ಬೇಗ ಪುಡಿಯಾಗುವುದಿಲ್ಲ ಅಂತ ಇಲಿಗಳಲ್ಲಿ ನೋಡಿದ್ದಾರೆ. ಅಂದರೆ ಬರೀ ಟಿ4 ಮಾತ್ರೆ ನುಂಗುವವರಲ್ಲಿ ಮೆದುಳು "ಸಾಕು" ಅನ್ನುವ ಹೊತ್ತಿಗೆ ಬೇರೆ ಅಂಗಕ್ಕೆ ಟಿ3 ಒಂಚೂರು ಕಮ್ಮಿ ಬಿದ್ದಿರಬಹುದು. ಕೆಲವರಲ್ಲಿ ಡಿ2ನ ಜೀನಿನಲ್ಲೇ ಒಂದು ಅಕ್ಷರದ ವ್ಯತ್ಯಾಸವೂ ಇರುತ್ತದೆ. ಹಾಗಾಗಿ "ರಿಪೋರ್ಟ್ ಸರಿ ಇದೆ, ಎಲ್ಲಾ ನಿಮ್ಮ ಮನಸ್ಸಿನ ಭ್ರಮೆ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ.

ಆದರೆ ಸುಸ್ತಿಗೆಲ್ಲ ಇದೇ ಕಾರಣ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ದೇಶದ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ. ಅಕ್ಕನಿಗೆ ಎರಡು ವರ್ಷ ಸುಸ್ತು. ಟಿ3 ಕಮ್ಮಿ ಇರಬೇಕು ಅಂತ ನನ್ನ ಜೊತೆ ವಾದಕ್ಕೆ ಬಿದ್ದಿದ್ದಳು. ಕೊನೆಗೆ ಹಿಮೋಗ್ಲೋಬಿನ್ ನೋಡಿಸಿದರೆ 8. ವಿಟಮಿನ್ ಬಿ12, ಡಿ, ನಿದ್ದೆ, ಗೊರಕೆ, ಇವನ್ನೆಲ್ಲ ನೋಡಿಕೊಂಡ ಮೇಲೆ ಕಿಣ್ವದ ಮೇಲೆ ತಪ್ಪು ಹೊರಿಸೋಣ.

ಹಾಗಿದ್ದರೆ ನೇರವಾಗಿ ಟಿ3 ಮಾತ್ರೆಯನ್ನೇ ತೆಗೆದುಕೊಂಡರೆ?

ಲಿಯೋಥೈರೋನಿನ್ ಅಂತ ಆ ಮಾತ್ರೆ ಇದೆ. ತೊಂದರೆ ಏನೆಂದರೆ ಅದು ಬೇಗ ಏರಿ ಬೇಗ ಇಳಿಯುತ್ತದೆ. ಏರಿದಾಗ ಎದೆ ಡವಡವ, ಕೈ ನಡುಕ. ವಯಸ್ಸಾದವರಿಗೆ ಹೃದಯದ ಬಡಿತ ತಪ್ಪುವ ಅಪಾಯ, ಮೂಳೆ ಸವೆತ. 1999ರಲ್ಲಿ 33 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಟಿ4 ಜೊತೆ ಒಂದಿಷ್ಟು ಟಿ3 ಕೊಟ್ಟಾಗ ಮನಸ್ಸಿನ ಉಲ್ಲಾಸ ಹೆಚ್ಚಿತು ಅಂತ ಕಂಡಿತು. ದೊಡ್ಡ ಸುದ್ದಿಯೇ ಆಯಿತು. ಆಮೇಲೆ ನಡೆದ ಹೆಚ್ಚಿನ ಅಧ್ಯಯನಗಳಲ್ಲಿ ಆ ಲಾಭ ಕಾಣಲಿಲ್ಲ. ಕೆಲವರಿಗೆ ಡಾಕ್ಟರುಗಳು ಪ್ರಯೋಗ ಮಾಡಿ ನೋಡುತ್ತಾರೆ. ಅದು ಅವರ ಕಣ್ಣೆದುರೇ ಆಗಬೇಕಾದ ಕೆಲಸ.

ರಿವರ್ಸ್ ಟಿ3 ಟೆಸ್ಟ್ ಮಾಡಿಸಬೇಕಾ?

ಬಹುಪಾಲು ಜನಕ್ಕೆ ಬೇಡ. ನನಗೇ ಒಮ್ಮೆ ಒಂದು ಲ್ಯಾಬಿನವರು ಪ್ಯಾಕೇಜ್ ಜೊತೆ ಇದನ್ನೂ ಸೇರಿಸಿ ಬಿಲ್ ಮಾಡಿದ್ದರು. ಬಂದ ಅಂಕಿ ನೋಡಿ ನಮ್ಮ ಡಾಕ್ಟರ್ ನಕ್ಕು ಕಾಗದ ಪಕ್ಕಕ್ಕಿಟ್ಟರು. ಅದರಿಂದ ಚಿಕಿತ್ಸೆ ಏನೂ ಬದಲಾಗಲಿಲ್ಲ, ದುಡ್ಡು ಮಾತ್ರ ಹೋಯಿತು.

ಜ್ವರ ಬಂದಾಗ, ಉಪವಾಸ ಮಾಡಿದಾಗ ಟಿ3 ಇಳಿಯುತ್ತದೆ ಅಂತಾರೆ. ಯಾಕೆ?

ದೇಹ ಬೇಕೆಂದೇ ಇಳಿಸುತ್ತದೆ. ಒಂದೆರಡು ದಿನ ಊಟ ಬಿಟ್ಟರೂ ಟಿ3 ಇಳಿಯಲು ಶುರುವಾಗುತ್ತದೆ, ರಿವರ್ಸ್ ಟಿ3 ಏರುತ್ತದೆ. ಬರುವ ಆದಾಯ ನಿಂತಾಗ ಮನೆಯವರು ಖರ್ಚು ಹಿಡಿತ ಮಾಡುವುದಿಲ್ಲವಾ, ಹಾಗೆ. ಜೋರು ಕಾಯಿಲೆಯಲ್ಲಿ, ಐಸಿಯುನಲ್ಲಿ ಮಲಗಿದಾಗ ಇದು ಇನ್ನೂ ಎದ್ದು ಕಾಣುತ್ತದೆ. ಗ್ರಂಥಿಗೆ ಏನೂ ಆಗಿರುವುದಿಲ್ಲ. ಕಾಯಿಲೆ ವಾಸಿಯಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಅದಕ್ಕೇ ಡೆಂಗಿ ಜ್ವರದಲ್ಲಿ ಮಲಗಿರುವಾಗ "ಹೇಗೂ ರಕ್ತ ತೆಗೀತಾರೆ, ಥೈರಾಯ್ಡೂ ನೋಡಿಸಿಬಿಡೋಣ" ಅನ್ನಬೇಡಿ. ಸುಮ್ನೆ ಗಾಬರಿ. ಒಂದು ಹೊತ್ತಿನ ಏಕಾದಶಿ ಉಪವಾಸಕ್ಕೆ ಮಾತ್ರ ಇಷ್ಟೆಲ್ಲ ಹೆದರಬೇಕಾಗಿಲ್ಲ.

ಬಸುರಿಯರಿಗೆ ಡೋಸ್ ಯಾಕೆ ಏರಿಸುತ್ತಾರೆ?

ಮಾಸಿನ ಡಿ3 ಹಾರ್ಮೋನನ್ನು ಒಡೆಯುತ್ತಲೇ ಇರುತ್ತದೆ. ರಕ್ತದಲ್ಲಿ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೊಟೀನೂ ಜಾಸ್ತಿಯಾಗುತ್ತದೆ. ಜೊತೆಗೆ ಮಗುವಿಗೂ ಬೇಕು. ಮೊದಲ ತಿಂಗಳುಗಳಲ್ಲಿ ಮಗುವಿನ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ತಾಯಿಯ ಟಿ4ನೇ ಗತಿ. ಮಗುವಿನ ಮೆದುಳು ಆ ಟಿ4 ಅನ್ನು ತೆಗೆದುಕೊಂಡು ತನ್ನದೇ ಡಿ2 ಬಳಸಿ ಟಿ3 ಮಾಡಿಕೊಳ್ಳುತ್ತದೆ. ಈ ಸಮಯದಲ್ಲಿ ತಾಯಿಗೆ ಟಿ3 ಮಾತ್ರೆ ಕೊಟ್ಟರೆ ಮಗುವಿನ ಮೆದುಳಿಗೆ ಅದರಿಂದ ಅಷ್ಟು ಪ್ರಯೋಜನ ಇಲ್ಲ. ಬೇಕಾದದ್ದು ಟಿ4ನೇ.

ಈಗಾಗಲೇ ಮಾತ್ರೆ ನುಂಗುತ್ತಿರುವವರಿಗೆ ಡೋಸ್ ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದಷ್ಟು ಏರಬೇಕಾಗುತ್ತದೆ. ಹಾಗಾಗಿ ಮುಟ್ಟು ನಿಂತಿದೆ ಅಂತ ಗೊತ್ತಾದ ವಾರವೇ ಡಾಕ್ಟರ್ ಹತ್ತಿರ ಹೋಗಿ. ಸೀಮಂತದವರೆಗೆ ಕಾಯುವ ವಿಷಯ ಅಲ್ಲ ಇದು.

ಯಾವ ಔಷಧಿಗಳು ಈ ಕಿಣ್ವಗಳಿಗೆ ಅಡ್ಡ ಬರುತ್ತವೆ?

ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೋಡರೋನ್ ಮುಖ್ಯವಾದದ್ದು. ಅದು ಡಿ1, ಡಿ2 ಎರಡನ್ನೂ ತಡೆಯುತ್ತದೆ. ಮೇಲಾಗಿ 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇದೆ. ದಿನಕ್ಕೆ ನಮಗೆ ಬೇಕಾದದ್ದು 150 ಮೈಕ್ರೋಗ್ರಾಂ, ಅಂದರೆ ಇದು ಐನೂರು ದಿನದ ಅಯೋಡಿನ್. ಸ್ಟಿರಾಯ್ಡ್‌ಗಳು, ಹೃದಯದ ಬಡಿತ ತಗ್ಗಿಸುವ ಪ್ರೊಪ್ರನಲಾಲ್‌ನ ದೊಡ್ಡ ಡೋಸ್ ಕೂಡ ಟಿ3 ತಯಾರಿಕೆಯನ್ನು ತಗ್ಗಿಸುತ್ತವೆ.

ಕೆಲವೊಮ್ಮೆ ಈ ಅಡ್ಡಿಯೇ ಮದ್ದು. ಹಾರ್ಮೋನ್ ಮಿತಿಮೀರಿ ಪ್ರಾಣಕ್ಕೇ ಕುತ್ತು ಬಂದಾಗ ಪ್ರೊಪೈಲ್‌ಥಯೋಯುರಾಸಿಲ್ ಕೊಡುತ್ತಾರೆ. ಅದು ಗ್ರಂಥಿಯ ಟಿಪಿಒ ಕೆಲಸವನ್ನೂ ತಡೆಯುತ್ತದೆ, ಹೊರಗಿನ ಡಿ1 ಅನ್ನೂ ತಡೆಯುತ್ತದೆ. ಅದೇ ಬಗೆಯ ಇನ್ನೊಂದು ಔಷಧಿ ಕಾರ್ಬಿಮಜೋಲ್ ಮೊದಲನೆಯದನ್ನು ಮಾತ್ರ ಮಾಡುತ್ತದೆ.

ಟೆಸ್ಟ್‌ಗೆ ಮುಂಚೆ ಏನಾದರೂ ಬಿಡಬೇಕಾ?

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ಮುಂಚೆಯೇ ನಿಲ್ಲಿಸಿ. ಅದು ಕಿಣ್ವಕ್ಕೆ ಏನೂ ಮಾಡುವುದಿಲ್ಲ, ಆದರೆ ಲ್ಯಾಬಿನ ಯಂತ್ರವನ್ನು ದಾರಿ ತಪ್ಪಿಸಿ ಸುಳ್ಳು ಅಂಕಿ ಬರಿಸುತ್ತದೆ.

ಎಲೆಕೋಸು, ಹೂಕೋಸು, ಸೋಯಾ ಬಿಡಬೇಕಾ? ಟಿ3 ಏರಿಸುವ ಆಹಾರ ಯಾವುದು?

ಕೋಸಿನ ಜಾತಿಯ ತರಕಾರಿ ಗ್ರಂಥಿಯ ಅಯೋಡಿನ್ ಬಳಕೆಗೆ ಅಡ್ಡಿ ಮಾಡಬಲ್ಲದು, ನಿಜ. ಆದರೆ ಅಯೋಡಿನ್ ಉಪ್ಪು ತಿನ್ನುವ ಮನೆಯಲ್ಲಿ, ಬೇಯಿಸಿದ ಎಲೆಕೋಸಿನ ಪಲ್ಯ ವಾರಕ್ಕೆ ಎರಡು ಸಲ ಮಾಡಿದರೆ ಏನೂ ಆಗುವುದಿಲ್ಲ. ಈಗಾಗಲೇ ಪೂರ್ತಿ ಡೋಸ್ ಮಾತ್ರೆ ನುಂಗುವವರಿಗಂತೂ ಈ ಚಿಂತೆಯೇ ಬೇಡ. ಅವರ ಟಿ4 ಬರುವುದು ಗ್ರಂಥಿಯಿಂದ ಅಲ್ಲ, ಡಬ್ಬಿಯಿಂದ. ಸೋಯಾ ಮಾತ್ರೆ ಹೀರಿಕೊಳ್ಳುವುದಕ್ಕೆ ಅಡ್ಡಿ ಮಾಡುತ್ತದೆ, ಆದ್ದರಿಂದ ಎರಡರ ನಡುವೆ ಅಂತರ ಇರಲಿ.

ಟಿ3 ಏರಿಸುವ ಕಷಾಯ, ಪುಡಿ, ಜ್ಯೂಸ್ ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಡಿ2 ಎಂಬ ಕಿಣ್ವವನ್ನು ಗಂಟೆಗೊಮ್ಮೆ ಒಡೆದು ಹೊಸದಾಗಿ ಮಾಡಿಕೊಳ್ಳುವ ದೇಹಕ್ಕೆ ನುಗ್ಗೆಸೊಪ್ಪಿನ ಪುಡಿ ಬಂದು ಏನು ಹೇಳಿಕೊಡುತ್ತದೋ ನನಗೆ ಅರ್ಥವಾಗಿಲ್ಲ. ನುಗ್ಗೆಸೊಪ್ಪಿನ ಸಾರು ರುಚಿಗೆ ಮಾಡಿ, ತಿನ್ನಿ.

ಮಾತ್ರೆ ನುಂಗಿ ತಕ್ಷಣ ಕಾಫಿ ಕುಡಿದರೆ ಏನಾಗುತ್ತದೆ?

ಅಮ್ಮನ ಜೊತೆ ನನ್ನ ನಿತ್ಯದ ಜಗಳ ಇದು. ಬೆಳಿಗ್ಗೆ ಐದೂವರೆಗೆ ಎದ್ದು ಡಿಕಾಕ್ಷನ್‌ಗೆ ನೀರಿಡುತ್ತಾರೆ. ಡಿಕಾಕ್ಷನ್ ತೊಟ್ಟಿಕ್ಕುವಾಗ ಮಾತ್ರೆ ಬಾಯಿಗೆ, ಹಿಂದೆಯೇ ಕಾಫಿ. "ಮಾತ್ರೆ ಕಹಿ ಹೋಗಬೇಕಲ್ಲ" ಅನ್ನುತ್ತಾರೆ. ಮಾತ್ರೆ ಕಹಿಯೇ ಇಲ್ಲ.

ಟಿ4 ಮಾತ್ರೆ ಹೀರಿಕೊಳ್ಳುವುದು ಸಣ್ಣ ಕರುಳಿನಲ್ಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ನೂರಕ್ಕೆ ಎಪ್ಪತ್ತು ಎಂಬತ್ತು ಭಾಗ ಒಳಗೆ ಹೋಗುತ್ತದೆ. ಕಾಫಿ ಅದನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇನ್ನೂ ಜಾಸ್ತಿ ತಗ್ಗಿಸುತ್ತವೆ, ಅವಕ್ಕೆ ನಾಲ್ಕು ಗಂಟೆಯ ಅಂತರ ಬೇಕು. ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ. ಕಿಣ್ವ ಎಷ್ಟು ಜಾಣ ಆದರೂ ಕರುಳು ದಾಟಿ ಬಾರದ ಟಿ4 ಅನ್ನು ಟಿ3 ಮಾಡಲು ಅದಕ್ಕೆ ಆಗುವುದಿಲ್ಲ.

ಈಗ ಅಮ್ಮ ಮಾತ್ರೆ ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರೆ. ಎದ್ದ ತಕ್ಷಣ ನೀರಿನಲ್ಲಿ ನುಂಗಿ, ಅಂಗಳ ಗುಡಿಸಿ, ರಂಗೋಲಿ ಹಾಕಿ, ಹೂ ಕೊಯ್ದು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿರುತ್ತದೆ. ಆಮೇಲೆ ಡಿಕಾಕ್ಷನ್.